ಕೈ ಎತ್ತುವ ತಾಸು

ಗಜೇಂದ್ರಗಡ
ಫೆಬ್ರವರಿ ಮೂವತ್ತು, ೨೧೯೪

ಈಗ ತರಗತಿಯಲ್ಲಿ ಪಾಠ ಹೇಳುತ್ತಿರುವ ಅಕ್ಕೋರಿಗೆ ಶಂಕ್ರವ್ವ ಗಾಣಿಗೇರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸರಿಮಾಡಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಪಾಪ, ಅದಕ್ಕೂ ಒಂದು ಒಳ್ಳೆಯ ಕಾಲ ಬಂತು. ಈ ಪತ್ರ ನಿಮಗೆ ಹೇಗೆ ಮುಟ್ಟುತ್ತದೆಂದು ಕೇಳಬೇಡಿ, ಅಂಚೆಯವರಿಗೂ ಗೊತ್ತಿಲ್ಲ. ಅರ್ಥವಾಗದ ಶಬ್ದ ಬಂದರೆ ಮನ್ನಿಸಿ. ನಾನೂ ಕಲಿಸುವವಳೇ, ವಿವರಿಸದೆ ಬಿಡುವುದಿಲ್ಲ.

ನಮ್ಮ ಮಕ್ಕಳ ಕಿವಿಯಲ್ಲಿ ಜೋಳದ ಕಾಳಿನಷ್ಟು ಚಿಕ್ಕ ಕಿವಿಮಣಿ ಇರುತ್ತದೆ. ಪಾಠ ಹೇಳುವುದು ಅದೇ, ಆಯಾ ಮಗುವಿನ ಮನೆಮಾತಿನಲ್ಲಿ, ಅದಕ್ಕೆ ಬೇಕಾದ ವೇಗದಲ್ಲಿ. ಪ್ರಶ್ನೆ ಬಾಯಿಗೆ ಬರುವ ಮೊದಲೇ ಉತ್ತರ ಬಂದಿರುತ್ತದೆ. ಮೇಜಿನ ಅಂಚಿನಲ್ಲಿ ತಿಳಿದೀಪ ಎಂಬುದೊಂದಿದೆ. ಮಗುವಿಗೆ ತಿಳಿದರೆ ಹಸಿರು, ಗೊಂದಲವಾದರೆ ಕೆಂಪು. ಇದನ್ನೆಲ್ಲ ನಾನು ಹಳಿಯುವುದಿಲ್ಲ. ತಾಂಡಾದ ಮಕ್ಕಳು ಲಂಬಾಣಿಯಲ್ಲೇ ಗಣಿತ ಕಲಿಯುತ್ತಾರೆ, ಕಣ್ಣಿಲ್ಲದ ಹುಡುಗಿ ನಕ್ಷೆ ಓದುತ್ತಾಳೆ, ಹೊಡೆತಕ್ಕೆ ಹೆದರಿ ಶಾಲೆ ಬಿಟ್ಟ ಮಗು ಒಂದೂ ಇಲ್ಲ. ಆದರೆ ತರಗತಿಯ ಬಾಗಿಲಲ್ಲಿ ನಿಂತರೆ ಫ್ಯಾನಿನ ಸದ್ದೊಂದೇ ಕೇಳುತ್ತದೆ. ಫ್ಯಾನು ಮಾತ್ರ ನಿಮ್ಮ ಕಾಲದ್ದೇ. ನನ್ನ ಕೆಲಸ ದೀಪ ನೋಡುತ್ತ ಕೂರುವುದು.

ಕಿವಿಮಣಿ ಬರುವ ಮೊದಲು ಓದಿದವರಲ್ಲಿ ನಾನು ಕೊನೆಯ ತಂಡದವಳು. ನಮ್ಮ ಅಂದಾನಪ್ಪ ಮಾಸ್ತರು ಪ್ರಶ್ನೆ ಮುಗಿಸುವಷ್ಟರಲ್ಲಿ ಕೈಗಳು ಮೇಲೇಳುತ್ತಿದ್ದವು. ಉತ್ತರ ಗೊತ್ತಿದ್ದವರು ಬೆಂಚು ಹತ್ತುತ್ತಿದ್ದರು. ಗೊತ್ತಿಲ್ಲದವರು, ತಮ್ಮನ್ನು ಹೇಗೂ ಕೇಳುವುದಿಲ್ಲವೆಂಬ ಧೈರ್ಯದ ಮೇಲೆ, ಅವರಿಗಿಂತ ಎತ್ತರಕ್ಕೆ ಕೈ ಎತ್ತುತ್ತಿದ್ದರು. ಮಾಸ್ತರು ಸರಿಯಾಗಿ ಅವರನ್ನೇ ಹಿಡಿಯುತ್ತಿದ್ದರು! ಆ ನಗೆ, ಆ ತಡವರಿಕೆ, ಗೆಳತಿ ಅಂಗೈ ಅಡ್ಡ ಹಿಡಿದು ಪಿಸುಗುಟ್ಟುವ ಇನ್ನೊಂದು ತಪ್ಪು ಉತ್ತರ. ಅದನ್ನೆಲ್ಲ ಇನ್ನೊಮ್ಮೆ ಕೇಳುವ ಆಸೆ ನನಗೆ ಈಗಲೂ ಹೋಗಿಲ್ಲ.

ಆ ಆಸೆಗೇ ವಾರಕ್ಕೊಮ್ಮೆ ಮಕ್ಕಳ ಕಿವಿಮಣಿ ತೆಗೆಸಿ ‘ಕೈ ಎತ್ತುವ ತಾಸು’ ನಡೆಸುತ್ತಿದ್ದೇನೆ. ಕೈ ಎತ್ತುವುದು ಹೇಗೆಂಬುದನ್ನೇ ಮೊದಲು ಕಲಿಸಬೇಕಾಯಿತು. ನಾವು ನಡೆದರೆ ಚಂದ್ರನೂ ಜೊತೆಗೇ ಯಾಕೆ ಬರುತ್ತಾನೆ ಎಂದು ಕೇಳಿದೆ. ಎಲ್ಲರೂ ರೂಢಿಯಂತೆ ಖಾಲಿ ಕಿವಿ ಮುಟ್ಟಿಕೊಂಡರು. ಕೊನೆಗೆ ಹುಲಿಗೆವ್ವ ಎಂಬ ಹುಡುಗಿ ಕೈ ಎತ್ತಿದಳು.

“ನನಗ ಗೊತ್ತಿಲ್ರಿ ಅಕ್ಕೋರ, ಆದ್ರ ನಾ ಹೇಳ್ತೀನ್ರಿ.”

ಚಂದ್ರನಿಗೆ ತಮ್ಮ ಓಣಿ ಇಷ್ಟ ಎಂದಳು. ರಾಜೇಸಾಬ ಎಂಬ ಹುಡುಗ ಎದ್ದು, ಚಂದ್ರ ದಿನಾ ಬರುವುದು ತಮ್ಮ ಓಣಿಗೆ ಎಂದ. ತರಗತಿ ಎರಡು ಪಾಲಾಯಿತು. ಆ ಸಂಜೆ ಇಬ್ಬರೂ ಒಂದೇ ಜಾಗದಿಂದ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ತಮ್ಮ ತಮ್ಮ ಓಣಿಯ ಕಡೆ ನಡೆದರು. ಚಂದ್ರ ಇಬ್ಬರ ಜೊತೆಗೂ ಹೋದ. ಮರುದಿನ ಜಗಳವಾಡುತ್ತಲೇ, ಹಾಗಾದರೆ ಅವನು ಬಹಳ ಬಹಳ ದೂರ ಇರಬೇಕು ಎಂಬಲ್ಲಿಗೆ ತಾವೇ ಬಂದು ಮುಟ್ಟಿದರು. ನನಗೆ ಅಳು ಬಂತು.

ಆ ತಾಸಿನುದ್ದಕ್ಕೂ ಮೇಜಿನ ದೀಪಗಳೆಲ್ಲ ಕೆಂಪಗಿದ್ದವು. ನಮ್ಮ ಕಲಿಕಾ ಮಂಡಳಿಯವರಿಗೆ ಕಂಡದ್ದು ಅಷ್ಟೇ. ಮಕ್ಕಳನ್ನು ಗೊಂದಲಕ್ಕೆ ತಳ್ಳುವ ಪಾಠ ಬೇಡವೆನ್ನುತ್ತಾರೆ. ಹಿಂದೆ ಮಕ್ಕಳು ಹೀಗೂ ಕಲಿಯುತ್ತಿದ್ದರೆಂದು ನಾಳೆ ಸಭೆಯಲ್ಲಿ ತೋರಿಸದಿದ್ದರೆ ನನ್ನ ತಾಸು ನಿಂತಂತೆಯೇ.

ಹಳೆಯ ವಿಡಿಯೊಗಳನ್ನೆಲ್ಲ ಕೂಡಿಟ್ಟ ನೆನಪುಗ್ರಾಣವನ್ನು ಜಾಲಾಡಿದೆ. ನಮ್ಮ ಮಾಸ್ತರ ತರಗತಿಯನ್ನು ಯಾರೂ ಚಿತ್ರಿಸಿರಲಿಲ್ಲ, ನಿಮ್ಮ ಕಾಲದ ಪಾಠಗಳು ಮಾತ್ರ ರಾಶಿ ರಾಶಿ ಸಿಕ್ಕವು. ಎಲ್ಲದರಲ್ಲೂ ಅಕ್ಕೋರ ಮುಖ, ಬೋರ್ಡು, ಅಚ್ಚುಕಟ್ಟಾದ ದನಿ. ಮಕ್ಕಳು ಒಂದರಲ್ಲೂ ಇಲ್ಲ. ಅವರ ಗದ್ದಲವನ್ನು ಅಡಚಣೆಯೆಂದು ತೆಗೆದುಹಾಕಿದ್ದೀರಿ. ನಿಮ್ಮ ಮೇಲೆ ನನಗೆ ಸಿಟ್ಟೇ ಬಂತು.

ಅದಕ್ಕೇ ಕೈಮುಗಿದು ಕೇಳುತ್ತೇನೆ. ನಿಮ್ಮ ಶಾಲೆಗೆ ಬಂದ ಸ್ಮಾರ್ಟ್ ಬೋರ್ಡನ್ನು ಧಾರಾಳವಾಗಿ ಬಳಸಿ. ಆದರೆ ಒಂದೇ ಒಂದು ದಿನ ಮೊಬೈಲನ್ನು ಮಕ್ಕಳ ಕಡೆ ತಿರುಗಿಸಿ, ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲಿ. ಅವರು ಕೂಗಲಿ, ತಪ್ಪು ಹೇಳಲಿ, ಒಬ್ಬರಿಗೊಬ್ಬರು ಜಗಳಕ್ಕೆ ಬೀಳಲಿ. ಏನನ್ನೂ ಅಳಿಸದೆ ಹಾಗೆಯೇ ಇಡಿ, ಅದು ನಮ್ಮ ನೆನಪುಗ್ರಾಣಕ್ಕೆ ಬಂದು ಸೇರಲಿ.

ನಾಳೆ ಬೆಳಗ್ಗೆ ಸಭೆಗೆ ಹೋಗುವ ಮೊದಲು ಉಗ್ರಾಣ ತೆರೆದು ಇನ್ನೊಮ್ಮೆ ನೋಡುತ್ತೇನೆ.

ನಿಮ್ಮನ್ನೇ ನಂಬಿರುವ,
ಶಂಕ್ರವ್ವ