ಎರಡೇ ಸೀಟಿನ ಕೆಂಪು ಕಾರು

ಚಾಮರಾಜಪೇಟೆ, ಬೆಂಗಳೂರು
೨೧ ಸೆಪ್ಟೆಂಬರ್ ೨೦೦೩, ಭಾನುವಾರ

ಚಿರಂಜೀವಿ ಸಂಕರ್ಷಣನಿಗೆ,

ನಿನ್ನ ಅಣ್ಣ ಬದರೀನಾರಾಯಣನ ಆಶೀರ್ವಾದಗಳು. ನಾನು, ನಿನ್ನ ಅತ್ತಿಗೆ ಗೋದಾ ಇಬ್ಬರೂ ಆರೋಗ್ಯವಾಗಿದ್ದೇವೆ. ನಿಮ್ಮ ಕ್ಷೇಮಸಮಾಚಾರ ಗೋದಾಳಿಂದ ಆಗಾಗ ತಿಳಿಯುತ್ತಿರುತ್ತದೆ. ಹೆಂಗಸರು ಮಾತು ಬಿಡಲಿಲ್ಲ, ಅವರ ಪುಣ್ಯ.

ಈ ಕಾಗದ ಮೂರು ವಾರದ ಹಿಂದೆಯೇ ನಿನ್ನ ಕೈಸೇರಬೇಕಿತ್ತು. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದು ಹಾಕಿದೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಇಲ್ಲಿಂದ ಮಲ್ಲೇಶ್ವರಕ್ಕೆ ಒಂದು ಬಸ್ಸಿನ ದಾರಿ, ಅಷ್ಟಕ್ಕೆ ನಮ್ಮಿಬ್ಬರ ನಡುವೆ ಅಂಚೆಯವನು ಬೇಕಾದ ನೋಡು. ಏನು ಮಾಡುವುದು, ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ನೀನು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತೀಯ. ಐವತ್ತು ವರ್ಷ ಕೇಳಿದ ದನಿ ನಿನಗೆ ರಾಂಗ್ ನಂಬರು.

ಮೊದಲು ಸುದ್ದಿ. ಕಾರು ಮಾರಿಬಿಟ್ಟೆ. ಗುರುವಾರ ಬೆಳಿಗ್ಗೆ ಅನಿಲ್ ಕುಮಾರ್ ಎಂಬ ಹುಡುಗ ಬಂದು ತೆಗೆದುಕೊಂಡು ಹೋದ. ಅವರಪ್ಪ ಸೈಟು ಮಾರುವವರಂತೆ. ತೆಗೆದುಕೊಂಡು ಹೋದ ಎಂದರೆ ಓಡಿಸಿಕೊಂಡು ಹೋದ ಎಂದು ತಿಳಿಯಬೇಡ. ಲಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋದ. ನಮ್ಮ ರಸ್ತೆಯವರೆಲ್ಲ ಗೇಟಿನ ಹತ್ತಿರ ನಿಂತು ನೋಡಿದರು. ಎದುರುಮನೆ ಶಕುಂತಲಮ್ಮನವರು ಒಂದು ಹೆಜ್ಜೆ ಮುಂದೆ ಬಂದು, "ಅಂತೂ ಹೋಯ್ತಲ್ಲ ಬಿಡಿ, ದಾರಿ ಖಾಲಿ ಆಯ್ತು" ಎಂದರು. ನನ್ನ ಆರು ವರ್ಷ ಅವರಿಗೆ ಬರೀ ದಾರಿಗೆ ಅಡ್ಡ.

ನಿನಗೆ ನೆನಪಿದೆಯೋ ಇಲ್ಲವೋ, ಆ ಕಾರಿನ ಹುಚ್ಚು ಮೊದಲು ನಿನ್ನದು. ಅಪ್ಪನ ಸೈಕಲ್ಲಿನ ಬಾರಿನ ಮೇಲೆ ನೀನು, ಕ್ಯಾರಿಯರಿನ ಮೇಲೆ ನಾನು ಕೂತು ಓಡಾಡುವ ಕಾಲದಲ್ಲೇ ನೀನು ಅವೆನ್ಯೂ ರೋಡಿನ ಹಳೇ ಪತ್ರಿಕೆಗಳಿಂದ ರೇಸು ಕಾರಿನ ಚಿತ್ರ ಕತ್ತರಿಸಿ ಗೋಡೆಗೆ ಅನ್ನದ ಅಗುಳಿನಲ್ಲಿ ಅಂಟಿಸಿದೆ. ಏಟು ಬಿದ್ದದ್ದು ನನಗೆ, ದೊಡ್ಡವನೆಂದು. ತೊಂಬತ್ತೇಳರಲ್ಲಿ ನಾನು ಆ ಕಾರು ತಂದಾಗ ನಿನ್ನ ಮುಖ ಹೇಗಿತ್ತು ಎಂದು ನಾನು ಮರೆತಿಲ್ಲ. ಸಿಂಗಪುರದಿಂದ ಊರಿಗೆ ಮರಳಿದ ಯಾರೋ ತಂದ ಜಪಾನಿ ಗಾಡಿ. ಅವರಿಂದ ಇನ್ನಿಬ್ಬರ ಕೈ ದಾಟಿ ನನಗೆ ಸಿಕ್ಕಾಗ ಮೀಟರಿನಲ್ಲಿ ಒಂದು ಲಕ್ಷ ಎಂಬತ್ತಾರು ಸಾವಿರ ಕಿಲೋಮೀಟರು. ಇಷ್ಟು ಸವೆದದ್ದನ್ನು ಯಾರಾದರೂ ಕೊಳ್ಳುತ್ತಾರೆಯೇ ಎಂದು ಗೋದಾ ಕೇಳಿದಳು. ಘರ್ಷಣೆ, ಸವೆತ ಎಂದು ದಿನಾ ಬೋರ್ಡಿನ ಮೇಲೆ ಬರೆದು ಹುಡುಗರಿಗೆ ಪಾಠ ಹೇಳುವ ಭೌತಶಾಸ್ತ್ರದ ಮೇಷ್ಟರು ನಾನು, "ಓಡಿರೋ ಗಾಡಿನೇ ಕಣೇ ಓಡೋದು" ಎಂದೆ.

ಎರಡೇ ಸೀಟು. ಬಲಗಡೆ ನನ್ನದು, ಎಡಗಡೆ ನಿನ್ನದು ಎಂದು ನಾನು ಅಂದೇ ಹೇಳಿದ್ದೆ. ಗೋದಾ ನಿಜಕ್ಕೂ ನೊಂದುಕೊಂಡಳು, ನಗುತ್ತಾ ನೊಂದುಕೊಂಡಳು. ಅವಳು ಆ ಕಾರಿನಲ್ಲಿ ಕೂತದ್ದೇ ಕಡಿಮೆ. ನೆಲಕ್ಕೆ ಅಂಟಿದ ಹಾಗಿದ್ದ ಗಾಡಿ, ಸೀರೆ ಉಟ್ಟು ಒಳಗೆ ಇಳಿಯುವುದೇ ಒಂದು ಸಾಹಸ. ಬುಲ್ ಟೆಂಪಲ್ ರೋಡಿನಲ್ಲಿ ಪ್ರತಿ ಹಂಪ್ ಬಂದಾಗಲೂ, ತಳ ತಾಗಬಾರದೆಂದು ನಾನು ಅವಳನ್ನು ಕೆಳಗಿಳಿಸುತ್ತಿದ್ದೆ. ಒಂದು ಭಾನುವಾರ ಗಾಂಧಿಬಜಾರಿಗೆ ಹೋಗಿಬರುವಷ್ಟರಲ್ಲಿ ಏಳು ಸಲ ಇಳಿದಳು. ಎಂಟನೇ ಸಲ, "ನೀವೂ ನಿಮ್ಮ ಕಾರೂ ನಿಧಾನವಾಗಿ ಬನ್ನಿ, ನಾನು ಮುಂದೆ ಹೋಗಿ ಅಡುಗೆಗಿಡ್ತೀನಿ" ಎಂದು ನಡೆದೇ ಹೊರಟಳು. ಅವಳೇ ಮೊದಲು ಮನೆ ಸೇರಿದ್ದು.

ನಾವಿಬ್ಬರು ನಂದಿಬೆಟ್ಟಕ್ಕೆ ಹೋದದ್ದು? ಹೋಗುವಾಗ ಗಾಳಿಯಲ್ಲಿ ನಿನ್ನ ಟೋಪಿ ಹಾರಿತು. ಬರುವಾಗ ರೇಡಿಯೇಟರ್ ಕುದಿದು ದೇವನಹಳ್ಳಿಯಿಂದ ತರಕಾರಿ ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ನಮ್ಮ ಮೇಲೆ ಕೋಸಿನ ಎಲೆ ಉದುರುತ್ತಿತ್ತು, ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಷ್ಟು ನಕ್ಕದ್ದು ಅದೇ ಕೊನೆ. ಆಮೇಲೆ ಆ ಗಾಡಿ ಮೆಕ್ಯಾನಿಕ್ ಮುನಿಸ್ವಾಮಿಯ ಶೆಡ್ಡಿನಲ್ಲಿದ್ದದ್ದೇ ಹೆಚ್ಚು. ಯಾವ ಭಾಗವೂ ಇಲ್ಲಿ ಸಿಗುತ್ತಿರಲಿಲ್ಲ, ಅವನು ಜೆ.ಸಿ. ರೋಡು ಜಾಲಾಡಿ ಕಂಡಕಂಡ ಗಾಡಿಗಳ ಪೈಪು, ಬೆಲ್ಟು ತಂದು ಕೂಡಿಸುತ್ತಿದ್ದ. "ಸಾರ್, ಇದು ಈಗ ಜಪಾನಲ್ಲ, ಪೂರ್ತಿ ಕಲಾಸಿಪಾಳ್ಯ" ಎನ್ನುತ್ತಿದ್ದ.

ಈಗ ನೀನು ಕಾಯುತ್ತಿರುವ ಮಾತಿಗೆ ಬರುತ್ತೇನೆ. ಐದು ವರ್ಷದ ಹಿಂದಿನ ಆಯುಧಪೂಜೆ.

ಅವತ್ತು ನೀನು ಆಸ್ಪತ್ರೆಯ ವರಾಂಡದಲ್ಲಿ, ಗುರುತಿನವರು ಹತ್ತು ಜನ ನಿಂತಿರುವಾಗ, "ನಿಮ್ಮ ಕಾರಿನ ದೃಷ್ಟಿ ತೆಗೆದು ನನ್ನ ಹೆಂಡ್ತಿ ಮೇಲೆ ಹಾಕಿದ್ರಿ" ಎಂದೆಯಲ್ಲ, ಅದನ್ನು ನಾನು ಇವತ್ತಿಗೂ ಜೀರ್ಣಿಸಿಕೊಂಡಿಲ್ಲ. ಶೈಲಜಾ ನಮಗೆಂದೇ ಹಬ್ಬದ ಕಡಲೆ ಉಸಲಿ, ಒಬ್ಬಟ್ಟು ಡಬ್ಬಿಯಲ್ಲಿ ತುಂಬಿಕೊಂಡು ಲೂನಾದಲ್ಲಿ ಬರುತ್ತಿದ್ದಳು. ನಮ್ಮ ರಸ್ತೆಯಲ್ಲಿ ಒಡೆದು ಬಿದ್ದ ಬೂದುಗುಂಬಳಕಾಯಿಯ ಮೇಲೆ ಚಕ್ರ ಜಾರಿತು. ಮಂಡಿ ಚಿಪ್ಪು ಪುಡಿಯಾಯಿತು. ಮೂರು ಆಪರೇಷನ್ ಆದರೂ ಕಾಲು ಮಡಿಸಲಾಗದೆ, ಮಹಡಿಯ ಮೇಲಿನ ಕ್ಲಾಸು ಹತ್ತಲಾಗದೆ, ಹದಿನೆಂಟು ವರ್ಷದ ಶಾಲೆಯ ಕೆಲಸ ಬಿಟ್ಟಳು. ಮೆಟ್ಟಿಲಿಲ್ಲದ ಮನೆ ಬೇಕೆಂದು ನೀವು ಮಲ್ಲೇಶ್ವರಕ್ಕೆ ಹೋದಿರಿ. ಇದೆಲ್ಲ ನನಗೆ ಗೊತ್ತಿಲ್ಲವೇ? ನನಗೆ ಸಂಕಟವಿಲ್ಲವೇ?

ಆದರೆ ಅವತ್ತು ನಮ್ಮ ರಸ್ತೆಯಲ್ಲಿ ಒಡೆದಿದ್ದ ಕಾಯಿಗಳು ಹದಿನೇಳು. ಸ್ಕೂಟರಿಗೆ, ಆಟೋಗೆ, ಹಿಟ್ಟಿನ ಗಿರಣಿಗೆ, ಎಲ್ಲಕ್ಕೂ ಒಡೆದಿದ್ದರು. ಕಾಯಿಯನ್ನು ಕಾಂಪೌಂಡಿನೊಳಗೇ ಒಡೆಯಿರಿ, ಒಡೆದ ಕೂಡಲೇ ಗುಡಿಸಿ ಎಂದು ವರ್ಷಾವರ್ಷ ನೋಟೀಸು ಬರೆದು ಲೈಟುಕಂಬಕ್ಕೆ ಅಂಟಿಸುತ್ತಿದ್ದವನು ರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನಾನು. ಅಂಥವನನ್ನೇ ನೀನು ಅನುಮಾನಿಸಿದೆ. ನಾನು ಗೇಟಿನೊಳಗೆ ಒಡೆದು ಗುಡಿಸಿದೆ ಎಂದು ಹೇಳಿದರೆ ನೀನು ನಂಬಲಿಲ್ಲ. ನಮ್ಮ ಅಜ್ಜಿಯ ಕ್ರಮ ಹಿಡಿದು ಪರೀಕ್ಷೆ ಮಾಡಲು ಬಂದೆ. ಎಲ್ಲರೂ ಕಾಯಿಯೊಳಗೆ ಕುಂಕುಮದ ಜೊತೆ ಚಿಲ್ಲರೆ ಹಾಕುತ್ತಾರೆ, ನಮ್ಮ ಮನೆಯಲ್ಲಿ ಮಾತ್ರ ತೂತಿನ ಕಾಸು, ಲೆಕ್ಕಕ್ಕೆ ಐದು. ನಡೆಯುವ ದುಡ್ಡು ಹಾಕಿದರೆ ಬಡವರ ಮಕ್ಕಳು ಆರಿಸಲು ರಸ್ತೆಗೆ ನುಗ್ಗುತ್ತಾರೆ, ಗಾಡಿಗೆ ಸಿಕ್ಕುತ್ತಾರೆ ಎಂದು ಅಜ್ಜಿ ಬ್ರಿಟಿಷರ ಕಾಲದ ಆ ಕಾಸುಗಳ ಒಂದು ಡಬ್ಬಿಯನ್ನೇ ಇಟ್ಟಿದ್ದರಲ್ಲ. ಸಂಜೆ ನೀನು ಆಸ್ಪತ್ರೆಯಿಂದ ಬಂದು, ಶೈಲಜಾ ಬಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು, ಟಾರ್ಚು ಹಿಡಿದು ಆ ಕಾಸು ಹುಡುಕಿದೆ. ನಾನು ಗೇಟಿನಲ್ಲಿ ನಿಂತು ನೋಡಿದೆ. ಸಿಕ್ಕಿತೇ? ಒಂದೂ ಸಿಗಲಿಲ್ಲ.

ಆಮೇಲೂ ನೀನು ಬಿಡಲಿಲ್ಲ. ಮನೆ ಖಾಲಿ ಮಾಡಿದ ದಿನ ನಮ್ಮ ಬಾಗಿಲಲ್ಲಿ ನಿಂತು, "ಕಾಸು ಸಿಗದೇ ಇದ್ರೂ ಸರಿ ಅಣ್ಣ. ನಂದು ಅಂತ ಒಂದು ಮಾತು ಹೇಳಿ ಸಾಕು. ನಾನೇನೂ ಕೇಳಲ್ಲ, ನಾಳೆನೇ ಊಟಕ್ಕೆ ಬರ್ತೀನಿ" ಎಂದೆ. ನಾನು, ತಪ್ಪು ಹೊರಿಸಿದವನು ಮೊದಲು ಕ್ಷಮೆ ಕೇಳಲಿ ಎಂದೆ. ಐದು ವರ್ಷ ಇಬ್ಬರೂ ಅದೇ ಮಾತಿಗೆ ಜೋತುಬಿದ್ದೆವು. ನಿನ್ನ ಹಟ ನಿನಗೆ ಅಪ್ಪನಿಂದ ಬಂದದ್ದು, ನನ್ನದು ಎಲ್ಲಿಂದ ಬಂತೋ ನಾನು ಬಲ್ಲೆ.

ಅವತ್ತಿನಿಂದ ಕಾರನ್ನು ನಾನು ಹೆಚ್ಚು ಓಡಿಸಲಿಲ್ಲ. ಎಡಗಡೆ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ. ಮೀಟರು ಒಂದು ಲಕ್ಷ ತೊಂಬತ್ತೊಂದು ಸಾವಿರಕ್ಕೆ ನಿಂತಿತು. ಪ್ರತಿ ಶನಿವಾರ ಟಾರ್ಪಾಲು ತೆಗೆದು ಒರೆಸಿ ಮತ್ತೆ ಹೊದಿಸುತ್ತಿದ್ದೆ. ಗೋದಾ ಒಂದು ದಿನ, "ನನ್ನ ಕಾಲಿಗೆ ಎಣ್ಣೆ ಹಚ್ಚಿ ಅಂದ್ರೆ ಸೊಂಟ ನೋವು ಅಂತೀರಿ" ಎಂದಳು.

ಆ ಹುಡುಗ ಅನಿಲ್ ಕುಮಾರ್ ಗಾಡಿಯ ಒಳಗೆಲ್ಲ ನೋಡಿ, ಆಶ್‌ಟ್ರೇ ಎಳೆದು, "ಸಾರ್, ನಿಮ್ದೇನೋ ಇಲ್ಲಿದೆ ನೋಡಿ" ಎಂದು ಕರ್ಚೀಫಿನ ಒಂದು ಗಂಟು ನನ್ನ ಕೈಗೆ ಕೊಟ್ಟ. ಅದನ್ನು ಜೇಬಿಗೆ ಹಾಕಿಕೊಂಡು ಒಳಗೆ ಬಂದೆ. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಬೇಕೆಂದಿದ್ದೆ, ಆಗಲಿಲ್ಲ.

ಇನ್ನೇನು ಬರೆಯಲಿ. ಹಬ್ಬಕ್ಕೆ ಹದಿಮೂರು ದಿನವಿದೆ. ಈ ಸಲ ನೋಟೀಸು ಬರೆಯಲಾರೆ ಎಂದು ಸಂಘದವರಿಗೆ ಹೇಳಿದ್ದೇನೆ. ನೀನು ಮೈ ನೋಡಿಕೋ, ಆ ಸಿಗರೇಟು ಬಿಡು. ಶೈಲಜಾಳಿಗೆ ನನ್ನ ಆಶೀರ್ವಾದ ತಿಳಿಸು ಎಂದು ಬರೆಯಲು ಕೈ ಬರುತ್ತಿಲ್ಲ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಇತಿ ನಿನ್ನ ಅಣ್ಣ,
ಬದರೀನಾರಾಯಣ

ಮರೆತ ಮಾತು: ಮರೆತದ್ದಲ್ಲ. ಹರಿದು ಹಾಕಿದ ನಾಲ್ಕು ಕಾಗದಗಳೂ ಸಹಿಯವರೆಗೆ ಬಂದು ಇಲ್ಲೇ ನಿಂತಿದ್ದವು.

ಆ ಕಾರು ಗೇಟಿನೊಳಗೆ ಬರುತ್ತಲೇ ಇರಲಿಲ್ಲ ಸಂಕರ್ಷಣ. ಚರಂಡಿಯ ಚಪ್ಪಡಿಗೆ ತಳ ತಾಗುತ್ತಿತ್ತು. ಅದು ಯಾವಾಗಲೂ ರಸ್ತೆಯಲ್ಲೇ ನಿಲ್ಲುತ್ತಿತ್ತು, ನಿನಗೂ ಗೊತ್ತು. ದೃಷ್ಟಿ ಗಿಷ್ಟಿ ಎಂದರೆ ನಗುತ್ತಿದ್ದ ನಾನು ಆ ವರ್ಷ, ಗಾಡಿ ತಿಂಗಳಿಗೆ ಮೂರು ಸಲ ಕೆಡುತ್ತಿದೆಯೆಂದು, ಮೊದಲ ಸಲ ಕಾಯಿ ತಂದು ಅದರ ಮುಂದೆ ರಸ್ತೆಯಲ್ಲೇ ಒಡೆದೆ. ಪೊರಕೆ ತರಲು ಒಳಗೆ ಹೋಗಬೇಕು, ಅದಕ್ಕೆ ಮುಂಚೆ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಎನ್ನಿಸಿತು. ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿ ತಲೆ ಒಳಗಿಟ್ಟವನಿಗೆ ಮುಕ್ಕಾಲು ಗಂಟೆ ಹೋದದ್ದೇ ತಿಳಿಯಲಿಲ್ಲ. ಲೂನಾ ಬಿದ್ದ ಸದ್ದಿಗೆ ತಲೆ ಎತ್ತಿದೆ.

ಸುದ್ದಿ ತಿಳಿದು ನೀನು ಆಗ ನಿಮ್ಮ ಮನೆಯಿದ್ದ ಹಿಂದಿನ ರಸ್ತೆಯಿಂದ ಓಡಿಬಂದೆ. ಕಾರು ಅಲ್ಲೇ ಇತ್ತು, ಓಡುವಂತಿರಲಿಲ್ಲ. ನೀನು ಅವಳನ್ನು ಎತ್ತಿ ಆಟೋದಲ್ಲಿ ಕೂರಿಸುತ್ತಿದ್ದೆ. ನಾನು ರಸ್ತೆಯಲ್ಲಿ ಬಗ್ಗಿದ್ದೆ. ಚೆಲ್ಲಿದ ಡಬ್ಬಿ ಎತ್ತುತ್ತಿದ್ದಾನೆ ಅಣ್ಣ ಎಂದುಕೊಂಡೆ ನೀನು. ನಾನು ಕಾಸು ಆರಿಸುತ್ತಿದ್ದೆ. ನಾಲ್ಕು ಸಿಕ್ಕಿದವು, ಐದನೆಯದು ಸಿಗಲಿಲ್ಲ. ಸಂಜೆ ನೀನು ಟಾರ್ಚು ಹಿಡಿದು ಕೂತಾಗ ಗೇಟಿನಲ್ಲಿ ನಿಂತು ನಾನು ದೇವರನ್ನು ಬೇಡಿಕೊಂಡೆ, ಇವನಿಗೆ ಅದು ಸಿಗದಿರಲಿ ಎಂದು. ಅಂಥ ಪ್ರಾರ್ಥನೆ ನಾನು ಬೇರೆ ಮಾಡಿಲ್ಲ.

ಮೂರು ವಾರದ ಹಿಂದೆ ಗೌರಿಹಬ್ಬಕ್ಕೆ ಶೈಲಜಾ ಗೋದಾಳಿಗೆ ಮೊರದ ಬಾಗಿನ ಕೊಟ್ಟಳು. ಮನೆಗೆ ತಂದು ಬಿಚ್ಚಿದಾಗ ಬಳೆ, ಅರಿಶಿನ ಕುಂಕುಮ, ಅಕ್ಕಿ ಬೇಳೆಯ ಪೊಟ್ಟಣಗಳ ನಡುವೆ ಒಂದು ತೂತಿನ ಕಾಸು. "ಹಳೇ ಕಾಲದ್ದು, ಶುಭ ಅಂತ ಇಟ್ಟಿದಾಳೆ ನೋಡಿ" ಎಂದು ಗೋದಾ ಅದನ್ನು ದೇವರ ಮುಂದಿಟ್ಟಳು. ಅದು ಶೈಲಜಾಳ ಅಂಗೈಗೆ ಅಂಟಿತ್ತೋ, ಸೀರೆಯ ನೆರಿಗೆಯಲ್ಲಿ ಸಿಕ್ಕಿತ್ತೋ ನನಗೆ ಗೊತ್ತಿಲ್ಲ. ಐದು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು, ನಿನಗೆ ತೋರಿಸಲಿಲ್ಲ. ತೋರಿಸಿದ್ದರೆ ನಾನು ಆವತ್ತೇ ಮುಗಿದುಹೋಗುತ್ತಿದ್ದೆ. ನಾನೇ ಹೇಳಲಿ ಎಂದು ಕಾದಳು, ಕಾದು ಸಾಕಾಯಿತೋ ಏನೋ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ.

ಆ ಕರ್ಚೀಫಿನ ಗಂಟಿನಲ್ಲಿದ್ದ ನಾಲ್ಕು ಕಾಸು ಈ ಲಕೋಟೆಯಲ್ಲಿವೆ. ಐದನೆಯದು ನಮ್ಮ ದೇವರ ಮನೆಯಲ್ಲಿದೆ, ದಿನಾ ಗೋದಾ ಅದಕ್ಕೆ ಹೂವಿಡುತ್ತಾಳೆ, ಅವಳಿಗೆ ಇನ್ನೂ ಹೇಳಿಲ್ಲ. ಊಟಕ್ಕೆ ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ನೀನು ಬಾಗಿಲಲ್ಲಿ ನಿಂತು ಕೇಳಿದ ಒಂದು ಮಾತು ಮಾತ್ರ ಬರೆಯುತ್ತೇನೆ.

ಕಾಯಿ ನನ್ನದು.