ಹಾವಿಲ್ಲದ ಕೆರೆಗೆ ಕಲ್ಲು

ಗಂಗಕ್ಕಾ, ನಿನಗೂ ನಿನ್ನ ಕುರಿಗಳಿಗೂ ನಮಸ್ಕಾರ.

ಸ್ಕಾಟ್ಲೆಂಡಿನಲ್ಲಿ ನನ್ನ ಕುರಿ ಡಾಕ್ಟರ್ ತರಬೇತಿ ನಡೆದಿದೆ. ಊರಾಚೆ ಬೆಟ್ಟಗಳ ನಡುವೆ ಒಂದು ಕೆರೆಯಿದೆ. ದಿನಾ ಬೆಳಿಗ್ಗೆ ಆರು ಜನ ಅಜ್ಜಿಯರು ಅಲ್ಲಿ ಈಜುತ್ತಾರೆ. ನಿನ್ನೆ ನಾನೂ ಹೋದೆ. ಧರ್ಮಪುರದ ಬಾವಿಯಲ್ಲಿ ನನ್ನ ಸೊಂಟಕ್ಕೆ ಖಾಲಿ ಡಬ್ಬ ಕಟ್ಟಿ ಈಜು ಕಲಿಸುವಾಗ ನೀನು, "ಮೊದ್ಲು ಕಲ್ಲು ಹಾಕು ಲೇ, ಹಾವಿದ್ರೆ ಸರ್ಕಂತವೆ" ಅನ್ನುತ್ತಿದ್ದೆಯಲ್ಲ, ಅದೇ ರೂಢಿಯಲ್ಲಿ ಒಂದು ಕಲ್ಲೆತ್ತಿ ಹಾಕಿದೆ. ಅಜ್ಜಿಯರೆಲ್ಲ ತಿರುಗಿ ನೋಡಿದರು. ಹಾವು ಓಡಿಸೋಕೆ ಎಂದೆ. ಮೂವತ್ತು ವರ್ಷದಿಂದ ಈಜುತ್ತಿದ್ದೇವೆ, ಒಂದು ಹಾವೂ ಕಂಡಿಲ್ಲ ಎಂದರು. ಇವತ್ತು ಹೋದರೆ ಆರೂ ಜನ ದಡದಲ್ಲಿ ಸಾಲಾಗಿ ನಿಂತು, ತಲಾ ಒಂದು ಕಲ್ಲು ಹಾಕಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಇಳಿದರು.

ನೀರು ಮಂಜುಗಡ್ಡೆಯಂತಿದೆ. ನೆಗಡಿಯಾಗಿದೆ, ಮಾತ್ರೆ ನುಂಗಿದ್ದೇನೆ. ಹೊರಡುವಾಗ ಅವ್ವ, "ಪರದೇಶದ ನೀರಿಗೆ ಇಳೀಬ್ಯಾಡಪ್ಪಾ" ಅಂತ ಆಣೆ ಮಾಡಿಸಿಕೊಂಡಿದ್ದಳು. ಇದನ್ನು ಅವಳಿಗೆ ಓದಿ ಹೇಳಬೇಡ.

ಪೋಸ್ಟ್‌ಮ್ಯಾನ್ ಪರಮೇಶಣ್ಣಾ, ಈ ಕಾರ್ಡನ್ನು ಅಕ್ಕನಿಗಿಂತ ಮೊದಲು ನೀನೇ ಓದುತ್ತೀಯ ಅಂತ ಗೊತ್ತು. ಅವ್ವ ಕೇಳಿದರೆ, "ನಿನ್ ಮಗ ದಡದಾಗೆ ನಿಂತು ಕಲ್ಲು ಹಾಕಿದ್ನಂತೆ, ಅಷ್ಟೇ" ಅನ್ನು.

ಚಿತ್ರಲಿಂಗ