ನಾಡಿ ಹಿಡಿದು ಕೇಳಿದ ಪ್ರಶ್ನೆ

ತಂಗಿ ಕುಮುದಳಿಗೆ ಅಕ್ಕನ ಆಶೀರ್ವಾದ. ಯುಗಾದಿಯಲ್ಲಿ ನಮ್ಮಿಬ್ಬರ ಜಗಳವಾದ ಮೇಲೆ ನಾನೇ ಮೊದಲು ಬರೆಯುತ್ತಿದ್ದೇನೆ.

ಉಂಡದ್ದು ಅರಗದೆ ಹೊಟ್ಟೆ ಉಬ್ಬರಿಸುತ್ತಿತ್ತು. ಸೊಸೆ ಮೈಥಿಲಿ ಇಲ್ಲಿ ಅಮೆರಿಕದ ಓಕ್‌ಲ್ಯಾಂಡಿನ ಚೀನೀ ವೈದ್ಯೆಯೊಬ್ಬರ ಬಳಿ ಕರೆದೊಯ್ದಳು. ನನಗಿಂತ ಹಿರಿಯರು, ಏನು ಗತ್ತು! ಹೊಟ್ಟೆ ಮುಟ್ಟಲೇ ಇಲ್ಲ. ನಾಲಗೆ ನೋಡಿ, ಎರಡೂ ಕೈಗಳ ನಾಡಿ ಹಿಡಿದು ಏನೋ ಕೇಳಿದರು.

“ಅತ್ತೆ, ಊಟಕ್ಕೆ ಕೂತಾಗ ಯಾರ್ ಮೇಲೆ ಸಿಟ್ಟು ಬರುತ್ತೆ ಅಂತ ಕೇಳ್ತಿದಾರೆ. ಸಿಟ್ಟು ಲಿವರ್‌ನಲ್ಲಿ ಕೂತ್ರೆ ಹೊಟ್ಟೆನ ಕಾಡುತ್ತಂತೆ,” ಎಂದ ಸೊಸೆ, ತನ್ನ ಹೆಸರೇ ಬರುವುದೆಂದು ಬೆವರಿದಳು.

ಅಂಥ ಬೆರಳುಗಳ ಮುಂದೆ ಸುಳ್ಳು ನಡೆಯದು. ನಿನ್ನ ಹೆಸರು ಹೇಳಿದೆ.

ಮಜ್ಜಿಗೆ ಬಿಡಿಸಿ ಶುಂಠಿ ಗಂಜಿ ಕುಡಿಯಲು ಹೇಳಿದ್ದಾರೆ. ಈಗ ಎಷ್ಟೋ ವಾಸಿ. ಈ ಕಾರ್ಡು ಸಿಕ್ಕ ದಿನವೇ ಫೋನ್ ಮಾಡು, ನನ್ನ ಊಟಕ್ಕೆ ಮೊದಲು.

ಅಕ್ಕ ಶಾರದಮ್ಮ